ಕೀಬೋರ್ಡಿಗೆ ಭಾಷೆ ಗೊತ್ತಿಲ್ಲ

ಬೆಳಗಾವಿಯ ಉದ್ಯಮಬಾಗ್‌ನ ಒಂದು ಸಣ್ಣ ಫೌಂಡ್ರಿಯಲ್ಲಿ ನನ್ನ ಕೆಲಸ. ಪಂಪಿನ ಕವರ್, ವಾಲ್ವಿನ ಬಾಡಿ, ಇಂಥವನ್ನು ಎರಕ ಹೊಯ್ದು ಕೊಡುತ್ತೇವೆ. ಯಾವ ಪ್ಯಾಟರ್ನ್ ರಿಪೇರಿಗೆ ಹೋಗಿದೆ, ಯಾವ ಮೋಲ್ಡ್ ಇವತ್ತೇ ತಯಾರಾಗಬೇಕು, ಎರಕದ ಅಂಚು ಉಜ್ಜಿ ಚೊಕ್ಕಟ ಮಾಡುವ ಫೆಟ್ಲಿಂಗ್‌ನಲ್ಲಿ ಎಷ್ಟು ಪೀಸು ಬಾಕಿ ಇವೆ, ಇದನ್ನೆಲ್ಲ ಒಂದು ಟಾಸ್ಕ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ನಲ್ಲಿ ನಾನು ಬರೆದಿಡುತ್ತೇನೆ. ಒಂದು ಕೆಲಸಕ್ಕೆ ಒಂದು ಕಾರ್ಡ್. ಕೆಲಸ ಮುಂದೆ ಹೋದ ಹಾಗೆ ಕಾರ್ಡ್ ಕೂಡ ಮುಂದಿನ ಕಾಲಮ್ಮಿಗೆ ಹೋಗುತ್ತದೆ.

ಒಂದು ದಿನ ಬೆಳಿಗ್ಗೆ ಹೊಸ ಕಾರ್ಡ್ ತೆಗೆಯಲು ಎಂದಿನಂತೆ ‘ಸಿ’ ಕೀ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಪಟ್ಟಿಯಲ್ಲಿ ಕೆಳಗಿಳಿಯಲು ‘ಜೆ’ ಒತ್ತಿದೆ. ಅದೂ ಇಲ್ಲ. ಹೀಗೆ ಕೀ ಒತ್ತಿ ಕೆಲಸ ಮಾಡಿಸುವ ಶಾರ್ಟ್‌ಕಟ್‌ಗಳ ಪಟ್ಟಿ ತೋರಿಸುವ ಪ್ರಶ್ನಾರ್ಥಕ ಚಿಹ್ನೆಯ ಕೀ ಕೂಡ ಸುಮ್ಮನಿತ್ತು. ಪುಟವನ್ನು ಎರಡು ಸಲ ಮತ್ತೆ ತೆರೆದೆ. ಆಮೇಲೆ ಪರದೆಯ ಬಲ ಮೂಲೆ ಕಡೆ ನೋಡಿದೆ. ಅಲ್ಲಿ ಸಣ್ಣದಾಗಿ ‘ಕನ್ನಡ’ ಅಂತ ಇತ್ತು. ಹಿಂದಿನ ಸಂಜೆ ಕೊನೆಯ ಕಾರ್ಡಿನಲ್ಲಿ ‘ಕೋರ್ ಬಾಕ್ಸ್ ಸೀಳಿದೆ, ಬಡಗಿಗೆ ಕಳಿಸಬೇಕು’ ಅಂತ ಕನ್ನಡದಲ್ಲಿ ಟೈಪ್ ಮಾಡಿದ್ದೆ. ನಮ್ಮಲ್ಲಿ ಕೆಲಸ ಮಾಡುವವರು ಓದುವುದು ಕನ್ನಡವನ್ನೇ. ಹಾಗಾಗಿ ಕಾರ್ಡುಗಳೆಲ್ಲ ಕನ್ನಡದಲ್ಲೇ ಇರಬೇಕು. ಇಂಗ್ಲಿಷಿಗೆ ಬದಲಿಸಿದ ಕೂಡಲೇ ಎಲ್ಲ ಕೀಗಳಿಗೂ ಜೀವ ಬಂತು.

ಕನ್ನಡದಲ್ಲಿ ಬರೆದರೆ ಕೀಗಳು ಯಾಕೆ ಸಾಯಬೇಕು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಲು ನಾನು ಮೌಸ್ ಬಿಟ್ಟ ಕಾರಣ ಹೇಳುತ್ತೇನೆ. ಫೌಂಡ್ರಿಯಲ್ಲಿ ಮರಳಿನ ಕಪ್ಪು ಧೂಳು ಎಲ್ಲ ಕಡೆ ಕೂರುತ್ತದೆ. ಮೌಸಿನ ಹೊಟ್ಟೆಯಲ್ಲಿರುವ ಸಣ್ಣ ದೀಪದ ಕಿಂಡಿಗೂ ಕೂರುತ್ತದೆ. ಆಗ ಬಾಣ ಎತ್ತಲೋ ಹಾರುತ್ತದೆ. ಬೆರಳಿಗೆ ಎಣ್ಣೆ ತಾಗಿದ್ದರೆ ಟಚ್‌ಪ್ಯಾಡ್ ಕೂಡ ಸರಿಯಾಗಿ ಮಾತು ಕೇಳುವುದಿಲ್ಲ. ಕೀ ಹಾಗಲ್ಲ. ಒತ್ತಿದರೆ ಒತ್ತಿದ ಹಾಗೆ. ಅದಕ್ಕೇ ಕೀಬೋರ್ಡ್ ಹಿಡಿದೆ. ಇದರ ಹಿಂದೆ ದೊಡ್ಡ ವಿಜ್ಞಾನ ಇದೆ ಅಂತ ಆಗ ಗೊತ್ತಿರಲಿಲ್ಲ.

1954ರಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ ಒಂದು ಸರಳ ಪ್ರಯೋಗ ಮಾಡಿದರು. ಎರಡು ಲೋಹದ ಪಟ್ಟಿಗಳನ್ನು ಇಟ್ಟು, ಕಡ್ಡಿಯಿಂದ ಅವನ್ನು ಒಂದಾದ ಮೇಲೆ ಒಂದು ಮುಟ್ಟಿ ಅಂದರು. ಪಟ್ಟಿ ದೂರ ಹೋದಷ್ಟೂ, ಅಗಲ ಕಡಿಮೆಯಾದಷ್ಟೂ ಕೈಗೆ ಜಾಸ್ತಿ ಹೊತ್ತು ಬೇಕಾಯಿತು. ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕುವ ಒಂದು ಸೂತ್ರವೂ ಸಿಕ್ಕಿತು. ಇವತ್ತಿಗೂ ಅದು ಫಿಟ್ಸ್ ನಿಯಮ. ಕಾರ್ಡಿನ ಪಕ್ಕದಲ್ಲಿ ‘ಮುಗಿಯಿತು’ ಅಂತ ಗುರುತು ಹಾಕುವ ಆ ಪುಟ್ಟ ವೃತ್ತ ಇದೆಯಲ್ಲ, ಅದು ಫಿಟ್ಸ್ ಅವರ ಸಪೂರ ಪಟ್ಟಿಯೇ. ಬಾಣವನ್ನು ಅಲ್ಲಿಗೆ ಒಯ್ದು, ಕೊನೆಗೆ ನಿಧಾನ ಮಾಡಿ, ಸರಿಪಡಿಸಿ, ಒತ್ತಬೇಕು.

1980ರಲ್ಲಿ ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಅಲೆನ್ ನ್ಯೂವೆಲ್ ಎಂಬ ಮೂವರು ಇದನ್ನು ಕಂಪ್ಯೂಟರ್ ಮುಂದೆ ಕೂತವರಿಗೆ ಲೆಕ್ಕ ಹಾಕಿದರು. ಸಾಧಾರಣ ವೇಗದಲ್ಲಿ ಟೈಪ್ ಮಾಡುವವರಿಗೆ ಒಂದು ಕೀ ಒತ್ತಲು ಸುಮಾರು 0.28 ಸೆಕೆಂಡ್. ಬಾಣವನ್ನು ಗುರಿಗೆ ಒಯ್ಯಲು ಸರಾಸರಿ 1.1 ಸೆಕೆಂಡ್. ಕೈ ಕೀಬೋರ್ಡಿನಿಂದ ಮೌಸಿಗೆ ಹೋಗಲು 0.4. ಮುಂದೇನು ಅಂತ ಮನಸ್ಸು ಸಿದ್ಧವಾಗಲು 1.35.

ನನ್ನ ಒಂದು ಕಾರ್ಡಿಗೆ ಇದನ್ನು ಹಚ್ಚಿ ನೋಡಿದೆ. ಕಾರ್ಡ್ ತೆರೆಯುವುದು, ತಾರೀಕು, ಯಾರ ಕೆಲಸ, ಯಾವ ಕಾಲಮ್, ಹೀಗೆ ನಾಲ್ಕು ಹೆಜ್ಜೆ. ಕ್ಲಿಕ್ಕಿಗೆ 0.2, ಕೈ ಮೌಸಿಗೆ ಹೋಗಿ ಬರಲು 0.8 ಅಂತ ಹಿಡಿದರೆ ಮೌಸಿನಲ್ಲಿ 6 ಸೆಕೆಂಡ್ ಆಗುತ್ತದೆ. ನಾಲ್ಕು ಕೀ ಒತ್ತಿದರೆ 1 ಸೆಕೆಂಡಿಗೆ ಸ್ವಲ್ಪ ಮೇಲೆ. ದಿನಕ್ಕೆ 40 ಕಾರ್ಡ್ ಅಂದರೆ ಉಳಿಯುವುದು ಮೂರು ನಿಮಿಷ ಚಿಲ್ಲರೆ. ಅಷ್ಟೇನಾ ಅಂತ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತು. ಹೊಸಬರಿಗಂತೂ ಅದೂ ಉಳಿಯುವುದಿಲ್ಲ. ಯಾವ ಕೀ ಅಂತ ನೆನಪು ಮಾಡಿಕೊಳ್ಳುವುದರಲ್ಲೇ ಆ 1.35 ಸೆಕೆಂಡ್ ನಾಲ್ಕೈದು ಆಗಿಬಿಡುತ್ತದೆ.

ನಿಜವಾದ ಲಾಭ ಸೆಕೆಂಡುಗಳಲ್ಲಿ ಇಲ್ಲ, ಕಣ್ಣಿನಲ್ಲಿದೆ. ಮೌಸ್ ಹಿಡಿದಾಗ ಕಣ್ಣು ಬಾಣದ ಹಿಂದೆ ಓಡುತ್ತದೆ. ಫರ್ನೇಸ್ ಕಡೆಯಿಂದ ಯಾರೋ ಬಂದು ‘ಮೂರನೇ ಹೀಟ್ ತಯಾರಾಗಿದೆ, ಯಾವ ಮೋಲ್ಡಿಗೆ ಮೊದಲು?’ ಅಂತ ಕೇಳಿದಾಗ ನಾನು ಅವರ ಮುಖ ನೋಡುತ್ತಲೇ ಕಾರ್ಡ್ ತೆರೆಯಬಲ್ಲೆ. ಕರಗಿದ ಕಬ್ಬಿಣ ಯಾರನ್ನೂ ಕಾಯುವುದಿಲ್ಲ. ಬಿಸಿ ಇಳಿದರೆ ಎರಕ ಕೆಡುತ್ತದೆ.

ಚಿಕ್ಕವನಿದ್ದಾಗ ಎರಡು ವರ್ಷ ಹಾರ್ಮೋನಿಯಂ ಕಲಿತಿದ್ದೆ. ಪಂಡಿತ ರಾಮಭಾವೂ ಬಿಜಾಪುರೆ ಅವರಂಥ ದೊಡ್ಡ ಹಾರ್ಮೋನಿಯಂ ವಾದಕರು ಬಾಳಿದ ಊರು ಇದು. ನನಗೆ ಕಲಿಸಿದವರು ಕೆಲವು ದಿನ ಪಟ್ಟಿಗಳ ಮೇಲೆ ಒಂದು ಟವೆಲ್ ಹಾಸಿ, ಅದರ ಕೆಳಗೆ ಕೈ ಹಾಕಿಸಿ ಸರಗಮ್ ನುಡಿಸಲು ಹೇಳುತ್ತಿದ್ದರು. ಮೊದಮೊದಲು ಎಲ್ಲ ತಪ್ಪು. ಆಮೇಲೆ ಬೆರಳೇ ದಾರಿ ಹುಡುಕಿಕೊಂಡಿತು. ಈಗ ‘ಯಾವ ಪಟ್ಟಿ ಪಂಚಮ?’ ಅಂತ ಕೇಳಿದರೆ ಬಾಯಲ್ಲಿ ಹೇಳಲು ಬರುವುದಿಲ್ಲ. ಬೆರಳಿಟ್ಟು ತೋರಿಸಬಲ್ಲೆ.

ಕೀಬೋರ್ಡಿನಲ್ಲೂ ಹೀಗೇ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಇದನ್ನು ತೋರಿಸಿಕೊಟ್ಟರು. ನಿಮಿಷಕ್ಕೆ ಸುಮಾರು 72 ಪದ ಟೈಪ್ ಮಾಡುವ ಜನರಿಗೆ ಖಾಲಿ ಕೀಬೋರ್ಡಿನ ಚಿತ್ರ ಕೊಟ್ಟು, ಅಕ್ಷರಗಳನ್ನು ಅವುಗಳ ಜಾಗದಲ್ಲಿ ತುಂಬಿ ಅಂದರು. 26ರಲ್ಲಿ ಸರಾಸರಿ 15 ಅಕ್ಷರ ಮಾತ್ರ ಸರಿಯಾದ ಜಾಗಕ್ಕೆ ಬಂದವು. ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಮಿದುಳು ಈ ಎರಡು ತಿಳಿವಳಿಕೆಗಳನ್ನು ಬೇರೆ ಬೇರೆಯಾಗಿ ಇಡುತ್ತದೆ. ಎಫ್ ಮತ್ತು ಜೆ ಕೀಗಳ ಮೇಲೆ ಬೆರಳಾಡಿಸಿ ನೋಡಿ, ಒಂದೊಂದು ಸಣ್ಣ ಉಬ್ಬು ಗೆರೆ ಸಿಗುತ್ತದೆ. ಬೆರಳು ತನ್ನ ಮನೆ ಗುರುತಿಸುವುದು ಅದರಿಂದಲೇ.

ಅಂದರೆ ಕಲಿತ ಕೈಗೆ ‘ಜೆ’ ಅಂದರೆ ಅಕ್ಷರ ಅಲ್ಲ. ಅದು ಒಂದು ಜಾಗ.

‘ಜೆ’ ಒತ್ತಿದರೆ ಕೆಳಗೆ, ‘ಕೆ’ ಒತ್ತಿದರೆ ಮೇಲೆ. ಜಿಮೇಲ್‌ನಲ್ಲೂ ಇದೇ, ಕೆಲಸಗಳ ಲೆಕ್ಕ ಇಡುವ ಜಿರಾ ಎಂಬ ಸಾಫ್ಟ್‌ವೇರ್‌ನಲ್ಲೂ ಇದೇ. ಈ ಅಕ್ಷರಗಳಿಗೂ ಮೇಲೆ ಕೆಳಗೆ ಅನ್ನುವುದಕ್ಕೂ ಏನು ಸಂಬಂಧ? 1976ರ ಸುಮಾರಿಗೆ ಬಿಲ್ ಜಾಯ್ ಎಂಬ ವಿದ್ಯಾರ್ಥಿ ಅಮೆರಿಕದ ಬರ್ಕ್‌ಲಿಯಲ್ಲಿ ‘ವಿಐ’ ಎಂಬ, ಬರಹ ಬರೆದು ತಿದ್ದುವ ಎಡಿಟರ್ ಸಾಫ್ಟ್‌ವೇರ್ ಬರೆದರು. ಅವರ ಮುಂದಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್, ಅಂದರೆ ದೊಡ್ಡ ಕಂಪ್ಯೂಟರಿಗೆ ಜೋಡಿಸಿದ ಪರದೆ ಮತ್ತು ಕೀಬೋರ್ಡ್. ಅದಕ್ಕೆ ಬೇರೆ ಬಾಣದ ಕೀಗಳೇ ಇರಲಿಲ್ಲ. ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಬಾಣಗಳನ್ನು ಅಚ್ಚು ಹಾಕಿದ್ದರು. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪದ್ಧತಿಯಲ್ಲಿ ಕಂಟ್ರೋಲ್ ಜೊತೆ ‘ಜೆ’ ಒತ್ತಿದರೆ 10 ಬರುತ್ತದೆ, ಅಂದರೆ ‘ಮುಂದಿನ ಸಾಲಿಗೆ ಹೋಗು’. ಕಂಟ್ರೋಲ್ ಜೊತೆ ‘ಎಚ್’ ಒತ್ತಿದರೆ 8, ‘ಒಂದು ಹೆಜ್ಜೆ ಹಿಂದೆ ಬಾ’. ಆ ಟರ್ಮಿನಲ್ ಯಾವತ್ತೋ ಮೂಲೆ ಸೇರಿತು. ಅದರ ಕೀಗಳ ಅರ್ಥ ಮಾತ್ರ ಉದ್ಯಮಬಾಗ್‌ನ ನನ್ನ ಟೇಬಲ್ಲಿನವರೆಗೆ ಬಂದಿದೆ. ಇದು ತಿಳಿದ ದಿನ ನನಗೆ ತುಂಬ ಖುಷಿಯಾಗಿತ್ತು.

ಈಗ ಆ ಬೆಳಿಗ್ಗೆಗೆ ಮರಳೋಣ. ನಾನು ‘ಸಿ’ ಒತ್ತಿದಾಗ ಏನಾಯಿತು?

ಯುಎಸ್‌ಬಿ ಕೀಬೋರ್ಡ್ ಅಕ್ಷರ ಕಳಿಸುವುದಿಲ್ಲ, ಸಂಖ್ಯೆ ಕಳಿಸುತ್ತದೆ. ‘ಎ’ ಇರುವ ಜಾಗಕ್ಕೆ 4, ‘ಬಿ’ಗೆ 5, ‘ಸಿ’ಗೆ 6. ನೀವು ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷಿನಲ್ಲಿ ಬರೆಯಿರಿ, ಹೋಗುವುದು ಅದೇ 6. ಕೀಬೋರ್ಡಿಗೆ ಭಾಷೆ ಗೊತ್ತಿಲ್ಲ. ಭಾಷೆ ಸೇರುವುದು ಆಮೇಲೆ, ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್ಮಿನ ಒಳಗೆ. ಯಾವ ಕೀಗೆ ಯಾವ ಅಕ್ಷರ ಅಂತ ಹೇಳುವ ವಿನ್ಯಾಸಗಳು ಹಲವು, ನಾನು ಬಳಸುವುದು ಇನ್‌ಸ್ಕ್ರಿಪ್ಟ್. ಅದರಲ್ಲಿ ‘ಸಿ’ ಜಾಗದಲ್ಲಿ ‘ಮ’ ಇದೆ. ‘ಜೆ’ ಜಾಗದಲ್ಲಿ ‘ರ’ ಇದೆ. ಪ್ರಶ್ನಾರ್ಥಕ ಚಿಹ್ನೆ ಇರುವ ಕೀ ಮೇಲೆ ‘ಯ’ ಕೂತಿದೆ. ಕನ್ನಡದ ಇನ್ನೊಂದು ವಿನ್ಯಾಸವಾದ ಕೆ. ಪಿ. ರಾವ್ ವಿನ್ಯಾಸ ಬಳಸುವವರಿಗೆ ‘ಜೆ’ ಒತ್ತಿದರೆ ‘ಜ’ ಬರುತ್ತದೆ.

ಬ್ರೌಸರ್ ಇದನ್ನು ಸಾಫ್ಟ್‌ವೇರ್‌ಗೆ ತಲುಪಿಸುವಾಗ ಎರಡು ಸಂಗತಿ ಹೇಳುತ್ತದೆ. ಒಂದು, ಬಂದ ಅಕ್ಷರ ‘ಮ’. ಇನ್ನೊಂದು, ಒತ್ತಿದ ಜಾಗ ‘ಸಿ’ ಕೀ. ವೆಬ್‌ಗೆ ನಿಯಮ ಮಾಡುವ ಸಂಸ್ಥೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಮಾಡಿದ ನಿಯಮದಲ್ಲಿ ಎರಡೂ ಇವೆ. ನಮ್ಮ ಸಾಫ್ಟ್‌ವೇರ್ ಬರೆದವರು ಮೊದಲನೆಯದನ್ನು ಮಾತ್ರ ಕೇಳಿದ್ದರು. ‘ಸಿ ಬಂತಾ?’ ಅಂತ ಕೇಳಿದರು. ‘ಇಲ್ಲ, ಮ ಬಂತು’ ಅಂತ ಉತ್ತರ ಸಿಕ್ಕಿತು. ಅಲ್ಲಿಗೆ ಬಾಗಿಲು ಮುಚ್ಚಿತು.

ಬೆಳಗಾವಿಯಲ್ಲಿ ಇದು ಬರೀ ಕನ್ನಡದ ತೊಂದರೆ ಅಲ್ಲ. ಇಲ್ಲಿ ಮರಾಠಿಯಲ್ಲಿ ಟೈಪ್ ಮಾಡುವವರೂ ಬಹಳ ಜನ. ಇನ್‌ಸ್ಕ್ರಿಪ್ಟ್‌ನ ಚೆಲುವು ಏನೆಂದರೆ ಭಾರತದ ಬಹುತೇಕ ಲಿಪಿಗಳಿಗೆ ಒಂದೇ ವಿನ್ಯಾಸ. ಸ್ವರಗಳು ಎಡಗಡೆ, ವ್ಯಂಜನಗಳು ಹೆಚ್ಚಾಗಿ ಬಲಗಡೆ. ‘ಜೆ’ ಜಾಗದಲ್ಲಿ ಕನ್ನಡಕ್ಕೂ ‘ರ’, ಮರಾಠಿಗೂ ‘ರ’. ಒಂದು ಭಾಷೆ ಕಲಿತ ಬೆರಳು ಇನ್ನೊಂದನ್ನೂ ಟೈಪ್ ಮಾಡಬಲ್ಲದು. ಇಷ್ಟು ಯೋಚಿಸಿ ಕಟ್ಟಿದ ವಿನ್ಯಾಸ ಬಳಸುವವರಿಗೇ ಶಾರ್ಟ್‌ಕಟ್ ಸಿಗುವುದಿಲ್ಲ ಅಂದರೆ ನನಗೆ ಸಂಕಟವಾಗುತ್ತದೆ.

ಹಾಗಾದರೆ ಜಾಗವನ್ನಷ್ಟೇ ಕೇಳಿದರೆ ಸಾಕಲ್ಲ? ಸಾಲದು. ಫ್ರೆಂಚರ ಕೀಬೋರ್ಡಿನಲ್ಲಿ ‘ಎ’ ಮತ್ತು ‘ಕ್ಯೂ’ ಜಾಗ ಅದಲುಬದಲಾಗಿವೆ. ಅಲ್ಲಿ ಬರೀ ಜಾಗ ನೋಡಿದರೆ ಅವರು ‘ಎ’ ಒತ್ತಿದಾಗ ‘ಕ್ಯೂ’ ಕೆಲಸ ಆಗಿಬಿಡುತ್ತದೆ. ಅದಕ್ಕೆ ಸರಿಯಾದ ದಾರಿ ಎರಡು ಹಂತದ್ದು. ಮೊದಲು ಬಂದ ಅಕ್ಷರ ನೋಡಬೇಕು. ಅದು ಇಂಗ್ಲಿಷ್ ಅಕ್ಷರ ಆಗಿದ್ದರೆ ಅದನ್ನೇ ನಂಬಬೇಕು. ಕನ್ನಡವೋ ಮರಾಠಿಯೋ ಆಗಿದ್ದರೆ ಒತ್ತಿದ ಜಾಗ ನೋಡಬೇಕು. ಪ್ರೋಗ್ರಾಮಿನಲ್ಲಿ ನಾಲ್ಕೈದು ಸಾಲಿನ ಕೆಲಸ. ವಿಂಡೋಸ್‌ನಲ್ಲಿ ಕನ್ನಡ ಇದ್ದಾಗಲೂ ಕಂಟ್ರೋಲ್ ಸಿ ಒತ್ತಿದರೆ ಕಾಪಿ ಆಗುತ್ತದೆ. ಅಂದರೆ ಈ ವಿವೇಕ ಕಂಪ್ಯೂಟರಿನೊಳಗೆ ಮೊದಲಿನಿಂದಲೂ ಇದೆ.

ಇದನ್ನೆಲ್ಲ ಒಬ್ಬ ಗೆಳೆಯರಿಗೆ ಹೇಳಿದೆ. ಅವರು ಸುತ್ತಲಿನ ನಾಲ್ಕೈದು ಘಟಕಗಳ ಜಿಎಸ್‌ಟಿ ಲೆಕ್ಕ ನೋಡುತ್ತಾರೆ. ಡಿಸ್ಪ್ಯಾಚ್ ಆದ ಮಾಲು ನೋಡಲು ನಮ್ಮ ಕಾರ್ಡುಗಳನ್ನೇ ತೆರೆಯುತ್ತಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ಉಚಿತ ಸಾಫ್ಟ್‌ವೇರ್ ಪರದೆಯನ್ನು ಓದಿ ಹೇಳುತ್ತದೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಶುರು ಮಾಡಿದ ಮೈಕಲ್ ಕರನ್ ಮತ್ತು ಅವರ ಜೊತೆ ಸೇರಿದ ಜೇಮ್ಸ್ ತೆಹ್ ಇಬ್ಬರಿಗೂ ದೃಷ್ಟಿ ಇಲ್ಲ. ಅದು ಕನ್ನಡವನ್ನೂ ಓದುತ್ತದೆ.

ನಾನು ಧೂಳಿಗಾಗಿ ಮೌಸ್ ಬಿಟ್ಟೆ. ಅವರಿಗೆ ಕೀಬೋರ್ಡ್ ಬಿಟ್ಟರೆ ಬೇರೆ ಏನೂ ಇಲ್ಲ. ಅವರ ಪಕ್ಕ ಒಂದು ಗಂಟೆ ಕೂತೆ. ಟ್ಯಾಬ್ ಕೀ ಒತ್ತಿದರೆ ಗಮನ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹಾರುತ್ತದೆ. ಸರಿಯಾಗಿ ಕಟ್ಟಿದ ಸಾಫ್ಟ್‌ವೇರ್‌ನಲ್ಲಿ ಇಡೀ ಪಟ್ಟಿಗೆ ಒಂದು ಟ್ಯಾಬ್ ಸಾಕು, ಒಳಗೆ ಬಾಣದ ಕೀಯಿಂದ ಓಡಾಡಬಹುದು. ನಮ್ಮದರಲ್ಲಿ ಕಾರ್ಡಿಗೊಂದು ಟ್ಯಾಬ್. ನೂರು ಕಾರ್ಡ್ ಇದ್ದರೆ ನೂರು ಸಲ ಒತ್ತಬೇಕು. ಕೆಲವು ಗುಂಡಿಗಳಿಗೆ ಟ್ಯಾಬ್ ಹೋಗುವುದೇ ಇಲ್ಲ. ಗುಂಡಿಯ ಹಾಗೆ ಬಣ್ಣ ಬಳಿದಿದ್ದಾರೆ, ಆದರೆ ಇದು ಗುಂಡಿ ಅಂತ ಬ್ರೌಸರ್‌ಗೆ ಹೇಳಿಲ್ಲ. ಅವರು ಒಂದು ಕಾರ್ಡನ್ನು ಮುಂದಿನ ಕಾಲಮ್ಮಿಗೆ ಸರಿಸಿದರು. ಕಂಪ್ಯೂಟರ್ ಏನೂ ಮಾತಾಡಲಿಲ್ಲ.

“ಹೋತೋ ಇಲ್ಲೋ, ಇದು ಹೇಳೂದ ಇಲ್ಲ ನೋಡ್ರಿ. ಹೊಳ್ಳಿ ಹುಡುಕಬೇಕು,” ಅಂದರು.

ಇದಕ್ಕೆಲ್ಲ ನಿಯಮ ಇದೆ. ವೆಬ್ ಎಲ್ಲರಿಗೂ ಬಳಸಲು ಬರಬೇಕು ಅಂತ ಮಾಡಿದ ಡಬ್ಲ್ಯೂಸಿಎಜಿ ಎಂಬ ನಿಯಮಾವಳಿಯ 2008ರ ಆವೃತ್ತಿಯೇ, ಎಲ್ಲ ಕೆಲಸ ಕೀಬೋರ್ಡಿನಿಂದ ಆಗಬೇಕು, ಗಮನ ಎಲ್ಲಿದೆ ಅಂತ ಕಾಣಬೇಕು, ಒಳಗೆ ಹೋದವರು ಹೊರಗೆ ಬರಲಾಗದೆ ಸಿಕ್ಕಿಕೊಳ್ಳಬಾರದು ಅಂತ ಹೇಳಿದೆ. 2018ರ ಆವೃತ್ತಿ ಒಂದೇ ಅಕ್ಷರದ ಶಾರ್ಟ್‌ಕಟ್‌ಗಳ ಬಗ್ಗೆ ಬರೆದಿದೆ. ಅವನ್ನು ಆಫ್ ಮಾಡುವ ಅಥವಾ ಬದಲಿಸುವ ಅನುಕೂಲ ಬೇಕು ಅನ್ನುತ್ತದೆ. ಮಾತಾಡಿ ಟೈಪ್ ಮಾಡುವವರ ಒಂದು ಪದದಿಂದ ಹತ್ತು ಶಾರ್ಟ್‌ಕಟ್ ಒಟ್ಟಿಗೆ ನಡೆದುಬಿಡಬಹುದು, ಅದಕ್ಕೆ. 2023ರದ್ದು, ಎಳೆದು ಬಿಡುವ ಕೆಲಸಕ್ಕೆ ಎಳೆಯದೆ ಮಾಡುವ ದಾರಿಯೂ ಇರಲಿ ಅಂತ ಸೇರಿಸಿದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಮಾಹಿತಿ ತಂತ್ರಜ್ಞಾನದ ಮಾತು ಇದೆ.

ಆ ಗೆಳೆಯರು ಒಂದು ಕಾರ್ಡಿನಲ್ಲಿ ಕನ್ನಡ ಬರೆದು ಮುಗಿಸಿದ ಕೂಡಲೇ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರು. ಭಾಷೆ ಬದಲಾಯಿತು ಅಂತ ಕಿವಿಗೆ ಕೇಳಿಸಿತು. ಆಮೇಲೆ ‘ಸಿ’ ಒತ್ತಿದರು, ಹೊಸ ಕಾರ್ಡ್ ತೆರೆಯಿತು. ನಾನು ಮೂಲೆಯ ಸಣ್ಣ ಅಕ್ಷರ ನೋಡಲು ಮರೆತು ಅರ್ಧ ಬೆಳಿಗ್ಗೆ ಕಳೆದಿದ್ದೆ. ಅವರಿಗೆ ಯಾವ ಭಾಷೆಯಲ್ಲಿದ್ದೇವೆ ಅಂತ ಪ್ರತಿ ಸಲವೂ ಕೇಳಿಸುತ್ತದೆ.

ಆ ಸಂಜೆ ಇಬ್ಬರೂ ಸೇರಿ ಸಾಫ್ಟ್‌ವೇರ್ ಮಾಡಿದವರಿಗೆ ಬರೆದೆವು. ಯಾವ ಕೀ ಒತ್ತಿದಾಗ ಯಾವ ಅಕ್ಷರ ಬಂತು, ಯಾವ ಜಾಗ ಬಂತು, ಎರಡನ್ನೂ ಸಾಲಾಗಿ ಕೊಟ್ಟೆವು. ಕಾರ್ಡ್ ಸರಿದಾಗ ‘ಫೆಟ್ಲಿಂಗ್‌ಗೆ ಹೋಯಿತು’ ಅಂತ ಕೇಳಿಸಬೇಕು ಅನ್ನುವುದನ್ನು ಮೊದಲು ಹಾಕಿ ಅಂತ ನಾನೇ ಹೇಳಿದೆ. ಗೆಳೆಯರು ಒಪ್ಪಲಿಲ್ಲ. “ಮೊದಲ ಕನ್ನಡದ್ದು ಬರೀರಿ. ಅದು ಇಬ್ಬರಿಗೂ ಬೇಕಾಗಿದ್ದು,” ಅಂದರು. ಹಾಗೇ ಬರೆದೆವು.