ಒಂದಾದ ಮೇಲೊಂದು ಬೇರೆ, ಒಂದರೊಳಗೊಂದು ಬೇರೆ

“ಎರಡೆರಡು ಸಲ ಓಡಿಸಿ ನೋಡಿದೀವಿ ಸಾರ್, ಏನೂ ತೊಂದರೆ ಇಲ್ಲ.” ಪೈಥಾನ್ ಕೋಡ್ ಪರಿಶೀಲಿಸುವಾಗ ಯಾರಾದರೂ ಸ್ವಂತಕ್ಕೆ ಬರೆದುಕೊಂಡ ಕಾಂಟೆಕ್ಸ್ಟ್ ಮ್ಯಾನೇಜರಿನ (ವಿತ್ ಎಂಬ ಪದದ ಕೆಳಗಿನ ಕೆಲಸಕ್ಕೆ ಮೊದಲು ಸ್ಥಿತಿ ಸಿದ್ಧಮಾಡಿ, ಮುಗಿದಾಗ ಮರಳಿಸುವ ಆಬ್ಜೆಕ್ಟ್) ಮೇಲೆ ಬೆರಳಿಟ್ಟರೆ ನನಗೆ ಸಿಗುವ ಉತ್ತರ ಇದು. ಹುಡುಗರು ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಓಡಿಸಿರುತ್ತಾರೆ. ಆದರೆ ಮೊದಲನೆಯದು ಮುಗಿದ ಮೇಲೆ ಎರಡನೆಯದನ್ನು ಓಡಿಸಿರುತ್ತಾರೆ. ಮೊದಲನೆಯದು ಇನ್ನೂ ನಡೆಯುತ್ತಿರುವಾಗಲೇ ಅದರ ಹೊಟ್ಟೆಯೊಳಗೆ ಅದೇ ಆಬ್ಜೆಕ್ಟನ್ನು ಮತ್ತೊಮ್ಮೆ ಓಡಿಸಿ ನೋಡಿದವರು ಬಹಳ ಕಡಿಮೆ. ಮೊದಲ ಪರೀಕ್ಷೆ ಗೆದ್ದರೆ ಆಬ್ಜೆಕ್ಟು ರೀಯೂಸಬಲ್. ಎರಡನೆಯದೂ ಗೆದ್ದರೆ ಮಾತ್ರ ರೀಎಂಟ್ರಂಟ್. ಇವೆರಡೂ ಒಂದೇ ಎಂಬ ನಂಬಿಕೆಯಿಂದ ಆಗುವ ನಷ್ಟ ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ವಿತ್ ಎಂದರೇನು, ಎಂಟರ್ ಯಾವಾಗ, ಎಕ್ಸಿಟ್ ಯಾವಾಗ ಎಂಬುದನ್ನೆಲ್ಲ ಇಲ್ಲಿ ವಿವರವಾಗಿ ಹೇಳುವುದಿಲ್ಲ. ವಿತ್ ಶುರುವಾಗುವಾಗ ಎಂಟರ್, ಮುಗಿಯುವಾಗ ಎಕ್ಸಿಟ್ ಓಡುತ್ತದೆ ಎಂಬುದಷ್ಟು ನೆನಪಿರಲಿ. 2006ರಲ್ಲಿ ಬಂದ ಪೈಥಾನ್ 2.5ರಿಂದಲೂ ವಿತ್ ಭಾಷೆಯಲ್ಲಿದೆ. ಒಂದೇ ಸಲಕ್ಕೆ ಮುಗಿಯುವ ಆಬ್ಜೆಕ್ಟುಗಳ ಬಗ್ಗೆಯೂ ನನಗೆ ಅಷ್ಟು ಚಿಂತೆಯಿಲ್ಲ. ಮುಚ್ಚಿದ ಫೈಲನ್ನು ಮತ್ತೆ ವಿತ್‌ಗೆ ಕೊಟ್ಟರೆ ವ್ಯಾಲ್ಯೂಎರರ್ ಬಂದು ಅಲ್ಲೇ ನಿಲ್ಲುತ್ತದೆ, ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ತೊಂದರೆ ಕೊಡುವುದು ಸದ್ದಿಲ್ಲದೆ ತಪ್ಪುವಂಥವು.

ಒಂದು ಸಂಸ್ಥೆಯ ಸರ್ವರಿನಲ್ಲಿ ಡಿಸ್ಕ್ ಪದೇ ಪದೇ ತುಂಬುತ್ತಿತ್ತು. ನನ್ನನ್ನು ಕರೆಯುವ ಹೊತ್ತಿಗೆ ಅವರು ಡಿಸ್ಕನ್ನು ದೊಡ್ಡದು ಮಾಡಿ ಆಗಿತ್ತು, ಹಳೆಯ ಲಾಗ್ ಅಳಿಸುವ ಸ್ಕ್ರಿಪ್ಟನ್ನೂ ಹಾಕಿಯಾಗಿತ್ತು. ಎಲ್ಲೋ ಒಂದು ಕಡೆ ಲಾಗಿನ ಮಟ್ಟ (ಅದು ಇಳಿದಷ್ಟೂ ಲಾಗಿಗೆ ಹೆಚ್ಚು ಬರೆಯಲಾಗುತ್ತದೆ) ಡೀಬಗ್‌ಗೆ ಇಳಿದು ಮತ್ತೆ ಮೇಲಕ್ಕೆ ಏರುತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಚ್ಚುಕಟ್ಟಾಗಿ ಬರೆದ ಪುಟ್ಟ ಕ್ಲಾಸ್. ಎಂಟರ್‌ನಲ್ಲಿ ಈಗಿನ ಮಟ್ಟವನ್ನು ಸೆಲ್ಫ್‌ನ (ಅಂದರೆ ಆ ಆಬ್ಜೆಕ್ಟಿನದೇ) ‘ಹಳೆಯದು’ ಎಂಬ ಅಟ್ರಿಬ್ಯೂಟಿನಲ್ಲಿ ಇಟ್ಟುಕೊಂಡು ಡೀಬಗ್‌ಗೆ ಇಳಿಸುತ್ತದೆ, ಎಕ್ಸಿಟ್‌ನಲ್ಲಿ ಆ ಹಳೆಯದನ್ನೇ ವಾಪಸ್ ಹಾಕುತ್ತದೆ. ನೋಡಿದರೆ ಯಾರಿಗೂ ತಪ್ಪು ಕಾಣುವುದಿಲ್ಲ.

ಕಾಗದ ತೆಗೆದುಕೊಂಡು ನನ್ನ ಜೊತೆಗೇ ಬರೆದು ನೋಡಿ. ಪೈಥಾನಿನ ಲಾಗಿಂಗ್‌ನಲ್ಲಿ ವಾರ್ನಿಂಗ್ ಎಂದರೆ 30, ಡೀಬಗ್ ಎಂದರೆ 10. ಆರಂಭದಲ್ಲಿ ಮಟ್ಟ 30. ಹೊರಗಿನ ವಿತ್ ಒಳಬಂತು: ಹಳೆಯದು 30, ಮಟ್ಟ 10. ಅದರೊಳಗೆ ಅದೇ ಆಬ್ಜೆಕ್ಟಿನ ಎರಡನೆಯ ವಿತ್ ಒಳಬಂತು: ಈಗಿನ ಮಟ್ಟ 10 ಆದ್ದರಿಂದ ಹಳೆಯದು 10 ಆಯಿತು, ಮಟ್ಟವೂ 10. ಒಳಗಿನದು ಹೊರಬಿತ್ತು, ಮಟ್ಟ 10. ಹೊರಗಿನದೂ ಹೊರಬಿತ್ತು, ಅದೂ 10ನ್ನೇ ವಾಪಸ್ ಹಾಕಿತು. 30 ಎಲ್ಲಿ ಹೋಯಿತು? ಎರಡನೆಯ ಎಂಟರ್ ನಡೆದ ಗಳಿಗೆಯಲ್ಲೇ ಹೋಯಿತು. ಒಂದೇ ಸ್ಲೇಟಿನ ಮೇಲೆ ಎರಡನೆಯ ಲೆಕ್ಕ ಬರೆಯಲು ಮೊದಲನೆಯದನ್ನು ಅಳಿಸಿದ ಹಾಗೆ. ಎಕ್ಸಿಟ್‌ನಲ್ಲಿ ಎಷ್ಟು ಜಾಗ್ರತೆ ವಹಿಸಿದರೂ ಅಳಿಸಿಹೋದ ಸಂಖ್ಯೆ ಮರಳಿ ಬರುವುದಿಲ್ಲ. ಅದಕ್ಕೇ ಎಕ್ಸಿಟ್‌ನಲ್ಲಿ ಬಗ್ ಹುಡುಕಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಇದೇ ಆಬ್ಜೆಕ್ಟನ್ನು ಒಂದಾದ ಮೇಲೊಂದರಂತೆ ನೂರು ಸಲ ಓಡಿಸಿ, ನೂರು ಸಲವೂ ಮಟ್ಟ 30ಕ್ಕೇ ಮರಳುತ್ತದೆ. ಅವರ ಪರೀಕ್ಷೆಗಳೆಲ್ಲ ಹಸಿರಾಗಿದ್ದದ್ದು ಹಾಗೆ.

“ಆದರೆ ನಮ್ಮ ಕೋಡಿನಲ್ಲಿ ವಿತ್ ಒಳಗೆ ವಿತ್ ಎಲ್ಲೂ ಇಲ್ಲ ಸಾರ್” ಎಂದಳು ಆ ಕ್ಲಾಸ್ ಬರೆದ ಹುಡುಗಿ. ಅವಳ ಮಾತೂ ನಿಜವೇ. ಕ್ಲಾಸನ್ನು ಪೈಥಾನಿನದೇ ಕಾಂಟೆಕ್ಸ್ಟ್‌ಡೆಕೊರೇಟರ್ ಎಂಬ ಕ್ಲಾಸಿನ ಉಪಕ್ಲಾಸಾಗಿ ಬರೆದು, ಒಂದು ಫಂಕ್ಷನ್ನಿನ ತಲೆಯ ಮೇಲೆ ಡೆಕೊರೇಟರಾಗಿ, ಅಂದರೆ ಪ್ರತಿ ಕರೆಯನ್ನೂ ವಿತ್ ಒಳಗೆ ಓಡಿಸುವ ಹೊದಿಕೆಯಾಗಿ, ಕೂರಿಸಿದ್ದಳು. ಆ ಫಂಕ್ಷನ್ ಸರಕಿನ ವರ್ಗಗಳನ್ನು ಸುತ್ತುವಂಥದ್ದು, ಉಪವರ್ಗ ಸಿಕ್ಕರೆ ತನ್ನನ್ನೇ ಮತ್ತೆ ಕರೆದುಕೊಳ್ಳುತ್ತದೆ. ಹೀಗೆ ಕ್ಲಾಸಿನಿಂದ ಮಾಡಿದ ಡೆಕೊರೇಟರು ಪ್ರತಿ ಕರೆಗೂ ಅದೇ ಒಂದು ಆಬ್ಜೆಕ್ಟನ್ನು ಬಳಸುತ್ತದೆ. ರಿಕರ್ಷನ್ ಆದ ತಕ್ಷಣ ಒಂದರೊಳಗೊಂದು ಆಯಿತು. ಕ್ಲಾಸಿನ ಬದಲು ಜನರೇಟರ್ (ನಡುವೆ ನಿಂತು ಮತ್ತೆ ಮುಂದುವರಿಯುವ ಫಂಕ್ಷನ್) ಬರೆದು ಕಾಂಟೆಕ್ಸ್ಟ್‌ಮ್ಯಾನೇಜರ್ ಡೆಕೊರೇಟರ್ ಹಚ್ಚಿದ್ದರೆ ಈ ಪಾಡು ಬರುತ್ತಿರಲಿಲ್ಲ, ಏಕೆಂದರೆ ಅದನ್ನು ಫಂಕ್ಷನ್ ಮೇಲೆ ಹಾಕಿದಾಗ ಪ್ರತಿ ಕರೆಗೂ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ಅವಳನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಕಾಗದದ ಮೇಲೆ 30 ಕಣ್ಮರೆಯಾದದ್ದನ್ನು ಕಂಡ ಕೂಡಲೇ ತಂಡದ ಉಳಿದ ಮ್ಯಾನೇಜರುಗಳನ್ನೂ ಅವಳೇ ತೆಗೆದು ನೋಡಿದಳು.

ಪರಿಹಾರ ಏನು? ಹೆಚ್ಚಿನ ಕಡೆ ನಾನು ಹೇಳುವುದು: ಆಬ್ಜೆಕ್ಟನ್ನು ಮಾಡ್ಯೂಲಿನ ಮೇಲ್ಭಾಗದಲ್ಲಿ ಒಮ್ಮೆ ಮಾಡಿ ಇಟ್ಟುಕೊಳ್ಳಬೇಡಿ, ವಿತ್ ಬರೆಯುವಲ್ಲೇ ಪ್ರತಿ ಸಲ ಹೊಸದನ್ನು ಮಾಡಿ. ರೀಎಂಟ್ರಂಟ್ ಮಾಡುವ ಉಸಾಬರಿಯೇ ಬೇಡ. ಹಂಚಿಕೊಂಡೇ ಬಳಸಬೇಕಾದ ಅನಿವಾರ್ಯತೆ ಇದ್ದರೆ, ಹಳೆಯದನ್ನು ಒಂದೇ ಜಾಗದಲ್ಲಿ ಇಡುವ ಬದಲು ಲಿಸ್ಟಿನಲ್ಲಿಡಿ. ಎಂಟರ್‌ನಲ್ಲಿ ಅಪೆಂಡ್ (ಕೊನೆಗೆ ಸೇರಿಸುವುದು), ಎಕ್ಸಿಟ್‌ನಲ್ಲಿ ಪಾಪ್ (ಕೊನೆಯದನ್ನು ತೆಗೆಯುವುದು). ಪೈಥಾನಿನದೇ ಕಾಂಟೆಕ್ಸ್ಟ್‌ಲಿಬ್ ಮಾಡ್ಯೂಲಿನಲ್ಲಿರುವ, ಔಟ್‌ಪುಟ್ಟನ್ನು ಬೇರೆಡೆಗೆ ತಿರುಗಿಸುವ ರೀಡೈರೆಕ್ಟ್ ಎಸ್‌ಟಿಡಿಔಟ್, ಪೈಥಾನ್ 3.11ರಲ್ಲಿ ಸೇರಿದ, ಫೋಲ್ಡರ್ ಬದಲಿಸುವ ಸಿಎಚ್‌ಡಿಐಆರ್ ಎರಡೂ ಮಾಡುವುದು ಇದನ್ನೇ. ಜ್ಯಾಂಗೋ ಎಂಬ ವೆಬ್ ಫ್ರೇಮ್‌ವರ್ಕಿನಲ್ಲಿ, ಡೇಟಾಬೇಸ್ ಕೆಲಸ ಪೂರ್ತಿ ಆಗುವಂತೆ ಇಲ್ಲವೇ ಏನೂ ಆಗದಂತೆ ನೋಡಿಕೊಳ್ಳುವ ಅಟಾಮಿಕ್ ಇನ್ನೂ ಚೆನ್ನಾಗಿದೆ. ಅದು ಸೇವ್‌ಪಾಯಿಂಟುಗಳ (ಹಿಂದಿರುಗಬಹುದಾದ ಗುರುತುಗಳ) ಸಾಲನ್ನು ತನ್ನಲ್ಲಿ ಇಟ್ಟುಕೊಳ್ಳದೆ ಡೇಟಾಬೇಸ್ ಕನೆಕ್ಷನ್ನಿನ ಮೇಲೆ ಇಡುತ್ತದೆ. ಕನೆಕ್ಷನ್ ಪ್ರತಿ ಥ್ರೆಡ್‌ಗೂ (ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಸಾಗುವ ಕೆಲಸದ ಎಳೆ) ಬೇರೆ ಇರುವುದರಿಂದ ಥ್ರೆಡ್‌ಗಳ ಕಾಟವೂ ತಪ್ಪುತ್ತದೆ. ಸ್ಥಿತಿ ಯಾವುದಕ್ಕೆ ಸೇರಿದ್ದೋ ಅಲ್ಲಿ ಇಟ್ಟ ವಿನ್ಯಾಸ ಅದು, ನನಗೆ ಬಹಳ ಇಷ್ಟ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ರೀಎಂಟ್ರಂಟ್ ಆದದ್ದೆಲ್ಲ ಥ್ರೆಡ್‌ಗಳಿಗೆ ಸುರಕ್ಷಿತವಲ್ಲ. ನಮ್ಮ ಲಾಗ್ ಮಟ್ಟವನ್ನೇ ತೆಗೆದುಕೊಳ್ಳಿ. ಎರಡು ಥ್ರೆಡ್, ಎರಡಕ್ಕೂ ಬೇರೆ ಬೇರೆ ಆಬ್ಜೆಕ್ಟ್. ಮೊದಲನೆಯದು 30 ಇಟ್ಟುಕೊಂಡು 10ಕ್ಕೆ ಇಳಿಸಿತು, ಎರಡನೆಯದು 10 ಇಟ್ಟುಕೊಂಡಿತು. ಮೊದಲನೆಯದು ಹೋಗುವಾಗ 30 ಹಾಕಿತು, ಆಮೇಲೆ ಎರಡನೆಯದು 10 ಹಾಕಿ ಹೋಯಿತು. ಮತ್ತೆ ಡಿಸ್ಕ್ ತುಂಬಲು ಶುರು! ಲಾಗರ್ ಇಡೀ ಪ್ರೊಸೆಸ್ಸಿಗೇ ಒಂದು, ಅದನ್ನು ಯಾವ ಲಿಸ್ಟೂ ಬದಲಿಸುವುದಿಲ್ಲ. ಇಂಥಲ್ಲಿ ಮಟ್ಟವನ್ನು ಮುಟ್ಟದೆ, ಪೈಥಾನ್ 3.7ರಲ್ಲಿ ಬಂದ ಕಾಂಟೆಕ್ಸ್ಟ್‌ವೇರ್‌ನಲ್ಲಿ (ಪ್ರತಿ ಥ್ರೆಡ್‌ಗೂ ತನ್ನದೇ ಮೌಲ್ಯ ಇರುವ ವೇರಿಯಬಲ್) ಗುರುತು ಇಟ್ಟು ಲಾಗಿನ ಫಿಲ್ಟರಿಗೆ ನಿರ್ಧಾರ ಬಿಡುವುದು ಸಾಮಾನ್ಯವಾಗಿ ಒಳ್ಳೆಯದು. ಆದರೆ ಅಲ್ಲೂ ಟೋಕನ್ನನ್ನು (ಹಿಂದಿನ ಮೌಲ್ಯಕ್ಕೆ ಮರಳಲು ಅದು ಕೊಡುವ ಚೀಟಿ) ಸೆಲ್ಫ್‌ನ ಒಂದೇ ಅಟ್ರಿಬ್ಯೂಟಿನಲ್ಲಿ ಇಟ್ಟರೆ ಅದೇ ಕಾಯಿಲೆ. ಬಳಸಿದ ಟೋಕನ್ನಿನಿಂದ ಮತ್ತೆ ರೀಸೆಟ್ ಮಾಡಹೋದರೆ ರನ್‌ಟೈಮ್‌ಎರರ್ ಬರುತ್ತದೆ ಎಂಬುದಷ್ಟೇ ಸಮಾಧಾನ.

ಲಾಕಿನ ವಿಷಯದಲ್ಲಿ ಇನ್ನೊಂದು ಅವಸರ ಕಾಣುತ್ತೇನೆ. ಒಂದು ಹೊತ್ತಿಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಸಾಮಾನ್ಯ ಲಾಕನ್ನು ಅದೇ ಥ್ರೆಡ್ ಎರಡನೆಯ ಸಲ ಕೇಳಿದರೆ ಪ್ರೋಗ್ರಾಂ ಗಪ್ಪನೆ ನಿಂತುಬಿಡುತ್ತದೆ. ಕೂಡಲೇ, ಅದೇ ಥ್ರೆಡ್ಡನ್ನು ಮತ್ತೆ ಒಳಬಿಡುವ ಆರ್‌ಲಾಕ್ ಹಾಕಿ ‘ಫಿಕ್ಸ್ಡ್’ ಎಂದು ಕಮಿಟ್ ಮಾಡುತ್ತಾರೆ. ಅದು ರೀಎಂಟ್ರಂಟ್, ನಿಜ. ಆದರೆ ಹೊರಗಿನ ಫಂಕ್ಷನ್ ಅರ್ಧ ತಿದ್ದಿಟ್ಟ ಡೇಟಾವನ್ನು ಒಳಗಿನದು ಈಗ ಯಾವ ತಡೆಯೂ ಇಲ್ಲದೆ ಓದುತ್ತದೆ. ಕೆಲವು ಕಡೆ ಅದೇ ಬೇಕಾಗಿರಬಹುದು. ಬೇಕೋ ಬೇಡವೋ ಎಂದು ಮೊದಲು ಕೇಳಿಕೊಳ್ಳಿ.

ಎಸ್‌ಕ್ಯೂಲೈಟ್3 ಎಂಬ ಪುಟ್ಟ ಡೇಟಾಬೇಸಿನ ಕನೆಕ್ಷನ್ನನ್ನೂ ನೋಡಿ. ವಿತ್‌ನಲ್ಲಿ ಎಷ್ಟು ಸಲ ಬೇಕಾದರೂ ಬಳಸಬಹುದು. ಒಂದರೊಳಗೊಂದು ಇಟ್ಟರೆ ಒಳಗಿನದು ಮುಗಿಯುವಾಗ ಹೊರಗಿನ ಅರ್ಧ ಕೆಲಸವನ್ನೂ ಸೇರಿಸಿ ಕಮಿಟ್ (ಡೇಟಾಬೇಸಿನಲ್ಲಿ ಕಾಯಂ) ಮಾಡುತ್ತದೆ. ಆಮೇಲೆ ಹೊರಗೆ ಎಕ್ಸೆಪ್ಷನ್ ಬಂದರೆ ಹಿಂದಕ್ಕೆ ತರಲು ಅದು ಉಳಿದಿರುವುದಿಲ್ಲ.

ಆದ್ದರಿಂದ ನೀವು ಬರೆದ ಪ್ರತಿ ಮ್ಯಾನೇಜರಿಗೂ ಒಂದು ಪರೀಕ್ಷೆ ಹೆಚ್ಚಿಗೆ ಬರೆಯಿರಿ: ಅದೇ ಆಬ್ಜೆಕ್ಟ್, ವಿತ್ ಒಳಗೆ ವಿತ್, ಒಳಗಡೆ ಬೇಕೆಂದೇ ಒಂದು ಎಕ್ಸೆಪ್ಷನ್. ಎಲ್ಲ ಮುಗಿದ ಮೇಲೆ ಹೊರಗಿನ ಸ್ಥಿತಿ ಮೊದಲಿನಂತಿದೆಯೇ ನೋಡಿ. ರೀಎಂಟ್ರಂಟ್ ಆಗುವುದು ಬೇಡವೆಂದಿದ್ದರೆ, ಎರಡನೆಯ ಎಂಟರ್‌ನಲ್ಲೇ ಸ್ಪಷ್ಟವಾದ ಸಂದೇಶದೊಂದಿಗೆ ರನ್‌ಟೈಮ್‌ಎರರ್ ಎಸೆಯಿರಿ, ಅದನ್ನು ಡಾಕ್‌ಸ್ಟ್ರಿಂಗಿನಲ್ಲೂ (ಕೋಡಿನೊಳಗಿನ ವಿವರಣೆ) ಬರೆದಿಡಿ.