ಕ್ಲೌಡ್ ಅಂದ್ರೆ ಬೇರೆಯವ್ರ ಕಂಪ್ಯೂಟರ್ ಅಷ್ಟೇ ತಾನೆ?

ಪ್ರಶ್ನೆ: ಎಲ್ಲಿ ನೋಡಿದ್ರೂ ಕ್ಲೌಡ್ ಕ್ಲೌಡ್ ಅಂತಾರೆ. ಅದೂ ಯಾರದ್ದೋ ಕಂಪ್ಯೂಟರೇ ಅಲ್ವಾ? ಆಫೀಸಲ್ಲೇ ಒಂದು ಸರ್ವರ್ ಇಟ್ಕೊಂಡ್ರೆ ಮುಗೀತು, ತಿಂಗಳು ತಿಂಗಳು ಬಾಡಿಗೆ ಯಾಕೆ ಕಟ್ಬೇಕು?

ಹೌದು, ಬೇರೆಯವ್ರ ಕಂಪ್ಯೂಟರೇ. ಮೋಡ ಗೀಡ ಏನಿಲ್ಲ, ಎಲ್ಲೋ ಒಂದು ದೊಡ್ಡ ಬಿಲ್ಡಿಂಗಲ್ಲಿ ಸರ್ವರ್‌ಗಳನ್ನ, ಅಂದ್ರೆ ಹಗಲೂ ರಾತ್ರಿ ಓಡೋ ಕಂಪ್ಯೂಟರ್‌ಗಳನ್ನ, ಜೋಡಿಸಿಟ್ಟ ಸಾಲು ಸಾಲು ರ‍್ಯಾಕ್‌ಗಳು, ಗುಂಯ್ ಅನ್ನೋ ಫ್ಯಾನುಗಳು, ಕರೆಂಟ್ ಹೋದ್ರೆ ಜನರೇಟರು. ಆದ್ರೆ ವಿಷ್ಯ ಇರೋದು ಕಂಪ್ಯೂಟರ್ ಯಾರದ್ದು ಅನ್ನೋದ್ರಲ್ಲಿ ಅಲ್ಲ, ಬೇಕಾದಾಗ ತಗೊಂಡು ಸಾಕಾದಾಗ ವಾಪಸ್ ಕೊಡೋಕಾಗತ್ತಲ್ಲ, ಅದ್ರಲ್ಲಿ.

ಪರೀಕ್ಷೆ ರಿಸಲ್ಟ್ ಹಾಕೋ ಒಂದು ವೆಬ್‌ಸೈಟ್ ತಗೊಳ್ಳಿ. ವರ್ಷವೆಲ್ಲಾ ಅಲ್ಲಿ ನೊಣ ಹೊಡೀತಿರ್ತಾರೆ, ರಿಸಲ್ಟ್ ದಿನ ಮಾತ್ರ ಹೇಳಿದ ಟೈಮಿಗೆ ಲಕ್ಷಗಟ್ಟಲೆ ಜನ ಒಂದೇ ಸಲ ನುಗ್ತಾರೆ, ಪೇಜು ತಿರುಗ್ತಾನೇ ಇರತ್ತೆ, ಎಲ್ರೂ ರಿಫ್ರೆಶ್ ಒತ್ತಿ ಒತ್ತಿ ಅದನ್ನ ಪೂರ್ತಿ ಮಲಗಿಸ್ತಾರೆ. ಆ ಒಂದು ದಿನಕ್ಕೋಸ್ಕರ ಐವತ್ತು ಸರ್ವರ್ ಕೊಂಡ್ರೆ ಉಳಿದ ದಿನ ಅವು ಧೂಳು ತಿಂತಾವೆ. ಕ್ಲೌಡಲ್ಲಾದ್ರೆ ಬೆಳಿಗ್ಗೆ ಐವತ್ತು ತಗೊಂಡು ರಾತ್ರಿ ಎರಡೇ ಸರ್ವರ್‌ಗೆ ಇಳಿಸ್ಬಹುದು, ಓಡಿಸಿದಷ್ಟು ಹೊತ್ತಿಗೆ ದುಡ್ಡು. (ವೆಬ್‌ಸೈಟನ್ನೇ ಕೆಟ್ಟದಾಗಿ ಬರೆದಿದ್ರೆ ಐವತ್ತಲ್ಲ ಐನೂರು ಹಾಕಿದ್ರೂ ಮಲಗತ್ತೆ, ಅದು ಬೇರೆ ಮಾತು.)

ಇದು ಹೇಗೆ ಸಾಧ್ಯ ಅಂದ್ರೆ ವರ್ಚುವಲೈಸೇಶನ್. ಒಂದು ದೊಡ್ಡ ಮೆಷಿನ್ನನ್ನ ಸಾಫ್ಟ್‌ವೇರೇ ಹತ್ತಾರು ಚಿಕ್ಕ ಮೆಷಿನ್ ಥರ ಭಾಗ ಮಾಡತ್ತೆ, ಪಕ್ಕದ ಭಾಗದಲ್ಲಿ ಯಾರಿದಾರೆ ಅಂತ ನಿಮಗೆ ಗೊತ್ತೂ ಆಗಲ್ಲ. 2006ರಲ್ಲಿ ಅಮೆಜಾನ್ ತನ್ನ ಎಸ್3 (ಡೇಟಾ ಇಡೋಕೆ ಬಾಡಿಗೆ ಜಾಗ), ಇಸಿ2 (ಬಾಡಿಗೆ ಮೆಷಿನ್) ಶುರು ಮಾಡಿದ್ಮೇಲೆ ಈ ಬಾಡಿಗೆ ವ್ಯಾಪಾರ ದೊಡ್ಡದಾಯ್ತು. 2008ರಲ್ಲಿ, ಆಗಿನ್ನೂ ಅಂಚೆಯಲ್ಲಿ ಡಿವಿಡಿ ಬಾಡಿಗೆಗೆ ಕಳಿಸ್ತಿದ್ದ ನೆಟ್‌ಫ್ಲಿಕ್ಸ್‌ದು ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿ ಕಳಿಸೋಕೇ ಆಗ್ಲಿಲ್ಲ, ಆಮೇಲೆ ಅವ್ರು ಕ್ಲೌಡ್ ಕಡೆ ಹೊರಟ್ರು, ಪೂರ್ತಿ ಹೋಗಿ ಮುಗಿಸೋ ಹೊತ್ತಿಗೆ 2016. ಏಳು ವರ್ಷದ ಮೇಲೆ! ನಾಳೆನೇ ಶಿಫ್ಟ್ ಮಾಡಿಬಿಡೋಣ ಅನ್ನೋ ಮ್ಯಾನೇಜರ್‌ಗಳಿಗೆ ಇದನ್ನ ಯಾರಾದ್ರೂ ಹೇಳ್ಬೇಕು.

ಚಿಕ್ಕ ಆಫೀಸಿಗೆ ಇನ್ನೂ ಸುಲಭ, ಮೇಲ್, ಲೆಕ್ಕದ ಸಾಫ್ಟ್‌ವೇರ್ ಎಲ್ಲಾ ಬ್ರೌಸರಲ್ಲೇ ತೆರೆಯತ್ತೆ, ಹಾರ್ಡ್ ಡಿಸ್ಕ್ ಹೋಯ್ತು ಅಂತ ರಾತ್ರಿ ಹತ್ತಕ್ಕೆ ಯಾರನ್ನೂ ಓಡಿ ಬಾ ಅನ್ಬೇಕಾಗಿಲ್ಲ.

ಆದ್ರೆ ಕ್ಲೌಡ್ ಅಂದ್ರೆ ಅಗ್ಗ ಅನ್ನೋದನ್ನ ನಾನಂತೂ ಒಪ್ಪಲ್ಲ. ದಿನಾ ಒಂದೇ ಸಮ ಲೋಡ್ (ಕೆಲಸದ ಹೊರೆ) ಇದ್ರೆ ಸ್ವಂತ ಮೆಷಿನ್ನೇ ಲಾಭ ಆಗೋದುಂಟು, ಜನರ ಫೈಲ್‌ಗಳನ್ನ ಇಟ್ಕೊಳ್ಳೋ ಕಂಪನಿ ಡ್ರಾಪ್‌ಬಾಕ್ಸ್ ತನ್ನ ಬಹುಪಾಲು ಡೇಟಾನ ಅಮೆಜಾನಿಂದ ತೆಗೆದು ಸ್ವಂತ ಸರ್ವರ್‌ಗೆ ತಂದಿದ್ದು ಹಾಗೇ. ಇನ್ನು ಬ್ಯಾಕಪ್, ಪಾಸ್‌ವರ್ಡ್, ಯಾರಿಗೆ ಯಾವ ಪರ್ಮಿಶನ್ ಅನ್ನೋದೆಲ್ಲಾ ನಿಮ್ಮ ತಲೆನೋವೇ. 2021ರ ಮಾರ್ಚಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಲ್ಲಿ ಒವಿಎಚ್ ಅನ್ನೋ ಕ್ಲೌಡ್ ಕಂಪನಿಯ ಡೇಟಾ ಸೆಂಟರಿಗೆ (ಸರ್ವರ್‌ಗಳಿರೋ ಬಿಲ್ಡಿಂಗಿಗೆ) ಬೆಂಕಿ ಬಿದ್ದಾಗ, ಇನ್ನೊಂದು ಜಾಗದಲ್ಲಿ ಕಾಪಿ ಇಡದವ್ರಲ್ಲಿ ಎಷ್ಟೋ ಜನ ಡೇಟಾನೇ ಕಳ್ಕೊಂಡ್ರು.

ನನ್ನ ಕಥೆ ಕೇಳಿ. ಸುಮ್ನೆ ಟೆಸ್ಟ್ ಮಾಡೋಣ ಅಂತ ಒಂದು ಮೆಷಿನ್ ಆನ್ ಮಾಡಿ ಮರ್ತು ರಜೆಗೆ ಹೋಗಿದ್ದೆ. ಯಾರೂ ಮುಟ್ಟಿರ್ಲಿಲ್ಲ, ಬಿಲ್ ಮಾತ್ರ ಗಂಟೆ ಲೆಕ್ಕದಲ್ಲಿ ಪಕ್ಕಾ ಬಂತು. ಅದಕ್ಕೇ ಅಕೌಂಟ್ ತೆರೆದ ದಿನಾನೇ ಮೊದಲು ಬಿಲ್ಲಿಂಗ್ ಅಲರ್ಟ್ (ಬಿಲ್ ಇಷ್ಟು ದಾಟಿದ್ರೆ ಬರೋ ಎಚ್ಚರಿಕೆ) ಹಾಕ್ಕೊಳ್ಳಿ, ಸರ್ವರ್ ಆಮೇಲೆ.