ವೈರಸ್‌ಗೆ ಸಮಯ ಕೊಡುವವರು ನಾವೇ

ಹರಡುವ ವಿಷಯದಲ್ಲಿ ಎಚ್‌ಐವಿ ತೀರಾ ಕೈಲಾಗದ ವೈರಸ್. ಗಾಳಿಯಲ್ಲಿ ಬರುವುದಿಲ್ಲ, ನೀರಿನಲ್ಲಿ ಬರುವುದಿಲ್ಲ. ಮುಟ್ಟಿದರೆ, ತಬ್ಬಿಕೊಂಡರೆ, ಒಂದೇ ತಟ್ಟೆಯಲ್ಲಿ ಉಂಡರೆ ತಗಲುವುದಿಲ್ಲ. ಸೊಳ್ಳೆಯಿಂದಲೂ ಇಲ್ಲ, ಯಾಕಂದ್ರೆ ಸೊಳ್ಳೆಯ ಹೊಟ್ಟೆಗೆ ಹೋದ ವೈರಸ್ ಅಲ್ಲೇ ಜೀರ್ಣವಾಗಿ ಹೋಗುತ್ತದೆ. ಸೋಂಕಿತರಿಗೆ ಚುಚ್ಚಿದ ಸೂಜಿ ಅಕಸ್ಮಾತ್ತಾಗಿ ನರ್ಸ್ ಒಬ್ಬರ ಬೆರಳಿಗೆ ತಾಗಿದರೂ ಸೋಂಕಾಗುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. 72 ಗಂಟೆಯೊಳಗೆ ಔಷಧ ಶುರು ಮಾಡಿದರೆ ಅದೂ ತುಂಬಾ ಕಡಿಮೆಯಾಗುತ್ತದೆ.

ಇಷ್ಟು ಕೈಲಾಗದ ವೈರಸ್ ಇಲ್ಲಿಯವರೆಗೆ 4 ಕೋಟಿಗೂ ಹೆಚ್ಚು ಜನರ ಪ್ರಾಣ ತೆಗೆದಿದೆ. ಈಗಲೂ ಪ್ರಪಂಚದಲ್ಲಿ ಸುಮಾರು 4 ಕೋಟಿ ಜನರ ಮೈಯಲ್ಲಿ ಅದು ಇದೆ. 2023ರ ಒಂದೇ ವರ್ಷದಲ್ಲಿ ಸುಮಾರು 13 ಲಕ್ಷ ಜನರಿಗೆ ಹೊಸದಾಗಿ ತಗುಲಿತು. ಅದೂ ತಡೆಯುವ ದಾರಿಗಳೆಲ್ಲ ಗೊತ್ತಿದ್ದೂ! ಇದಕ್ಕೆ ಅರ್ಧ ಕಾರಣ ವೈರಸ್ ಕೆಲಸ ಮಾಡುವ ರೀತಿ. ಇನ್ನರ್ಧ ಕಾರಣ ನಾವು ಬೆಳೆದು ಬಂದ ರೀತಿ, ನಮ್ಮ ಮಕ್ಕಳನ್ನು ಬೆಳೆಸುತ್ತಿರುವ ರೀತಿ. ಇವೆರಡೂ ಹೇಗೆ ಒಂದಕ್ಕೊಂದು ಕೈಜೋಡಿಸುತ್ತವೆ ಅಂತ ನೋಡಬೇಕಾದರೆ ಮೊದಲು ವೈರಸ್‌ನಿಂದಲೇ ಶುರು ಮಾಡಬೇಕು.

ಎಚ್‌ಐವಿ ಮೈಯೊಳಗೆ ಹೋದ ಎರಡರಿಂದ ನಾಲ್ಕು ವಾರದಲ್ಲಿ ಅನೇಕರಿಗೆ ಜ್ವರ, ಗಂಟಲುನೋವು, ಮೈಮೇಲೆ ದದ್ದು ಕಾಣಿಸಿಕೊಳ್ಳುತ್ತದೆ. ಮಾಮೂಲಿ ಫ್ಲೂ ಥರ. ಕೆಲವರಿಗೆ ಅಷ್ಟೂ ಇರುವುದಿಲ್ಲ. ಈ ದಿನಗಳಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ ಲಕ್ಷಗಟ್ಟಲೆ, ಕೆಲವೊಮ್ಮೆ ಹತ್ತಾರು ಲಕ್ಷ ವೈರಸ್ ಕಣಗಳಿರುತ್ತವೆ. ಇನ್ನೊಬ್ಬರಿಗೆ ದಾಟುವ ಸಾಧ್ಯತೆ ಆಗಲೇ ಜಾಸ್ತಿ. ಆಮೇಲೆ ದೇಹ ಸ್ವಲ್ಪ ಹಿಡಿತಕ್ಕೆ ತರುತ್ತದೆ, ಜ್ವರ ಬಿಡುತ್ತದೆ, ಮನುಷ್ಯ ಯಾವ ಚಿಕಿತ್ಸೆಯೂ ಇಲ್ಲದೆ ಎಂಟು ಹತ್ತು ವರ್ಷ ಆರಾಮಾಗಿ ಓಡಾಡಿಕೊಂಡು, ದುಡಿದುಕೊಂಡು, ಮದುವೆ ಮಾಡಿಕೊಂಡು ಇರಬಹುದು. ಒಳಗೆ ಮಾತ್ರ ರೋಗಗಳ ಜೊತೆ ಹೋರಾಡುವ ಸಿಡಿ4 ಎಂಬ ಬಿಳಿರಕ್ತಕಣಗಳು ಸಾಯುತ್ತಲೇ ಇರುತ್ತವೆ. ಅಂದರೆ ಈ ವೈರಸ್‌ಗೆ ವೇಗ ಬೇಕಾಗಿಲ್ಲ. ಅದಕ್ಕೆ ಬೇಕಾಗಿರುವುದು ಸಮಯ. ಆ ಮನುಷ್ಯನಿಗೆ ಗೊತ್ತಾಗದೆ ಇರುವಷ್ಟು ದಿನವೂ ಅದರ ದಿನ.

ಗೊತ್ತು ಮಾಡಿಕೊಳ್ಳುವುದೇನೂ ಕಷ್ಟವಲ್ಲ. ಬೆರಳ ತುದಿಗೆ ಒಂದು ಸಣ್ಣ ಚುಚ್ಚು, ಒಂದು ಹನಿ ರಕ್ತ, ಬೆರಳುದ್ದದ ಪ್ಲಾಸ್ಟಿಕ್ ಕಿಟ್, ಅದರ ಮೇಲೆ ಒಂದೆರಡು ತೊಟ್ಟು ದ್ರಾವಣ. ನಸುಗೆಂಪು ಒದ್ದೆ ಪಟ್ಟಿಯ ಮೇಲೆ ನಿಧಾನಕ್ಕೆ ತೆವಳುತ್ತಾ ಹೋಗುತ್ತದೆ. ಒಂದು ಗೆರೆ ಮೂಡುತ್ತದೆ, ಅದು ಕಿಟ್ ಸರಿಯಾಗಿದೆ ಅನ್ನುವುದಕ್ಕೆ. ಸುಮಾರು 20 ನಿಮಿಷದೊಳಗೆ ಎರಡನೇ ಗೆರೆಯೂ ಮೂಡಿದರೆ ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡಿ ಖಚಿತ ಮಾಡುತ್ತಾರೆ. ಕಿಟ್ ಹುಡುಕುವುದು ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು; ಸೋಂಕಾದ ಹೊಸದರಲ್ಲಿ ಅವು ಇನ್ನೂ ಹುಟ್ಟಿರುವುದಿಲ್ಲವಾದ್ದರಿಂದ ಎರಡನೇ ಗೆರೆ ಬರದೆಯೂ ಇರಬಹುದು. ಅದಕ್ಕೇ ಮೂರು ತಿಂಗಳ ನಂತರ ಮತ್ತೊಮ್ಮೆ ಬನ್ನಿ ಅನ್ನುತ್ತಾರೆ. ಇಷ್ಟೇ ಕೆಲಸ. ಆದರೆ ಈ 20 ನಿಮಿಷದ ಕುರ್ಚಿಯವರೆಗೆ ಬಂದು ಕೂರಲು ಎಷ್ಟೋ ಜನ ವರ್ಷಗಳನ್ನೇ ಕಳೆದುಬಿಡುತ್ತಾರೆ.

ಅವರನ್ನು ತಡೆಯುವುದು ಏನು? ನನ್ನ ಪ್ರಕಾರ ಅದರ ಬೇರು ಐದಾರು ವರ್ಷದ ಮಗುವಿನ ಬಾಲ್ಯದಲ್ಲಿದೆ. ಮಗು ತಾನು ಎಲ್ಲಿಂದ ಬಂದೆ ಅಂತ ಕೇಳುತ್ತದೆ. ಮನೆಯವರು ನಗುತ್ತಾರೆ, ಇಲ್ಲವೇ ಗದರುತ್ತಾರೆ. ಟಿವಿಯಲ್ಲಿ ಕಾಂಡೋಮ್ ಜಾಹೀರಾತು ಬಂದ ತಕ್ಷಣ ಯಾರೋ ರಿಮೋಟ್‌ಗೆ ಕೈಹಾಕುತ್ತಾರೆ. ಯಾರೂ ಒಂದು ಮಾತೂ ಆಡಿರುವುದಿಲ್ಲ, ಆದರೆ ಮಗು ಪಾಠ ಕಲಿತಾಗಿದೆ: ಮೈಯ ಒಂದು ಭಾಗದ ಬಗ್ಗೆ ಮಾತಾಡಿದರೆ ದೊಡ್ಡವರಿಗೆ ಇಷ್ಟವಾಗುವುದಿಲ್ಲ. ಹುಡುಗಿಗೆ ‘ನಿನಗ್ಯಾಕೆ ಅದೆಲ್ಲ’ ಅನ್ನುತ್ತಾರೆ. ಹುಡುಗನಿಗೆ ಏನೂ ಹೇಳುವುದಿಲ್ಲ, ಗಂಡುಹುಡುಗ ಹೇಗೋ ಕಲಿತುಕೊಳ್ಳುತ್ತಾನೆ ಅಂತ ಬಿಟ್ಟುಬಿಡುತ್ತಾರೆ. ಅವನು ಕಲಿಯುವುದು ತನ್ನಷ್ಟೇ ಗೊತ್ತಿಲ್ಲದ ಗೆಳೆಯರಿಂದ, ಮೊಬೈಲ್‌ನಲ್ಲಿ ಸಿಗುವ ವಿಡಿಯೊಗಳಿಂದ. ಈ ಇಬ್ಬರೂ ಮುಂದೆ ದೊಡ್ಡವರಾಗುತ್ತಾರೆ. ಆಗ ಒಬ್ಬಳಿಗೆ ಗಂಡನನ್ನು ಟೆಸ್ಟ್ ಮಾಡಿಸಿಕೋ ಅಂತ ಕೇಳಲು ಬಾಯಿ ಬರುವುದಿಲ್ಲ, ಇನ್ನೊಬ್ಬನಿಗೆ ಗುಪ್ತಾಂಗದಲ್ಲಿ ಹುಣ್ಣಾದರೆ ಡಾಕ್ಟರ ಮುಂದೆ ಹೇಳಿಕೊಳ್ಳಲು ಆಗುವುದಿಲ್ಲ.

ಆ ಹುಣ್ಣಿನ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಸಿಫಿಲಿಸ್, ಹರ್ಪಿಸ್‌ನಂಥ ಕಾಯಿಲೆಯಿಂದ ಹುಣ್ಣಾದಾಗ ಅಲ್ಲಿ ಚರ್ಮ ಒಡೆದಿರುತ್ತದೆ. ಸಾಲದ್ದಕ್ಕೆ ಆ ಗಾಯದ ಜೊತೆ ಹೋರಾಡಲು ದೇಹ ಅಲ್ಲಿಗೆ ಸಿಡಿ4 ಕಣಗಳನ್ನು ಕಳಿಸುತ್ತದೆ. ಎಚ್‌ಐವಿ ಹುಡುಕುವುದು ಅದೇ ಕಣಗಳನ್ನು! ಹಾಗಾಗಿ ಚಿಕಿತ್ಸೆ ಮಾಡದೆ ಬಿಟ್ಟ ಹುಣ್ಣು ಎಚ್‌ಐವಿ ತಗಲುವ ಸಾಧ್ಯತೆಯನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಸಿಫಿಲಿಸ್ ಶುರುವಿನಲ್ಲಿದ್ದರೆ ಒಂದು ಪೆನಿಸಿಲಿನ್ ಇಂಜೆಕ್ಷನ್‌ನಲ್ಲಿ ವಾಸಿಯಾಗುತ್ತದೆ. ಹೇಳಿಕೊಳ್ಳಲು ನಾಚಿಕೆ ಅಂತ ವಾರಗಟ್ಟಲೆ ಮುಚ್ಚಿಟ್ಟುಕೊಂಡವನಿಗೆ ಆ ನಾಚಿಕೆ ನೇರವಾಗಿ ರಕ್ತಕ್ಕೇ ಇಳಿಯುತ್ತದೆ.

ಜನರಿಗೆ ಮಾಹಿತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಮುಟ್ಟಿದರೆ, ಜೊತೆಗೆ ಕೂತರೆ ಏಡ್ಸ್ (ಎಚ್‌ಐವಿ ಸೋಂಕು ಬಲಿತಾಗಿನ ಹಂತ) ಬರುವುದಿಲ್ಲ ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1983ರಲ್ಲೇ ಸ್ಪಷ್ಟವಾಗಿ ಹೇಳಿತ್ತು. ಆದರೂ 1985ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ರಯಾನ್ ವೈಟ್ ಎಂಬ 13 ವರ್ಷದ ಹುಡುಗನನ್ನು ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಅವನಿಗೆ ಹುಟ್ಟಿನಿಂದ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇತ್ತು, ಅದಕ್ಕೆ ಕೊಡುತ್ತಿದ್ದ ರಕ್ತದ ಅಂಶದಿಂದ ಎಚ್‌ಐವಿ ಬಂದಿತ್ತು. ಅವನು ಮನೆಮನೆಗೆ ಹಾಕುತ್ತಿದ್ದ ಪೇಪರ್ ಅನ್ನೂ ಕೆಲವರು ನಿಲ್ಲಿಸಿಬಿಟ್ಟರು. ಮಾಹಿತಿ ಇರಲಿಲ್ಲವೇ? ಇತ್ತು. ಆದರೆ ಚಿಕ್ಕಂದಿನಿಂದ ಮನಸ್ಸಿನಲ್ಲಿ ಕೂತ ಅಸಹ್ಯ ಒಂದು ಸರಕಾರಿ ಪ್ರಕಟಣೆಗೆ ಕರಗುವುದಿಲ್ಲ. ಅವನು 1990ರಲ್ಲಿ ತೀರಿಕೊಂಡ.

ರಯಾನ್‌ನ ಬಗ್ಗೆ ಆಮೇಲೆ ಜಗತ್ತು ಕಣ್ಣೀರು ಹಾಕಿತು, ಸರಿಯೇ. ಆದರೆ ಅದರಲ್ಲೂ ಒಂದು ತೊಡಕಿತ್ತು. ‘ಪಾಪ, ಅವನದೇನೂ ತಪ್ಪಿಲ್ಲ, ರಕ್ತದಿಂದ ಬಂತು’ ಅಂತ ಜನ ಹೇಳುವಾಗ, ತಪ್ಪಿರುವವರು ಬೇರೆ ಯಾರೋ ಇದ್ದಾರೆ ಅಂತಲೂ ಹೇಳಿದಂತಾಗುತ್ತದೆ ಅಲ್ವಾ? ಇವತ್ತಿಗೂ ಒಬ್ಬರಿಗೆ ಎಚ್‌ಐವಿ ಅಂತ ತಿಳಿದ ಕೂಡಲೇ ‘ಈಗ ಹೇಗಿದ್ದೀರಿ’ ಅಂತ ಕೇಳುವುದಕ್ಕಿಂತ ಮೊದಲು ‘ಹೇಗೆ ಬಂತು’ ಅಂತ ಕೇಳುತ್ತೇವೆ. ಈ ಪ್ರಶ್ನೆಯಿಂದ ಆಗುವ ಅನಾಹುತ ದೊಡ್ಡದು. ಅದನ್ನು ಎದುರಿಸಲಾರದವನು ಟೆಸ್ಟ್‌ಗೇ ಬರುವುದಿಲ್ಲ. ಬಂದರೂ ಆಪ್ತಸಮಾಲೋಚಕರ ಮುಂದೆ ಸುಳ್ಳು ಹೇಳುತ್ತಾನೆ. ಆಗ ಅವನ ಜೊತೆಗಾರರಿಗೆ ಸುದ್ದಿ ಮುಟ್ಟುವುದಿಲ್ಲ, ಅವರ ಟೆಸ್ಟ್ ಆಗುವುದಿಲ್ಲ.

ಇದು ಸುಮ್ನೆ ಸಾಮಾನ್ಯ ಜನರ ಕಥೆ ಅಂದುಕೊಳ್ಳಬೇಡಿ, ವಿಜ್ಞಾನವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. 1982ರಲ್ಲಿ ಈ ಕಾಯಿಲೆಗೆ ಕೆಲವರು ಸಲಿಂಗಿಗಳ ಹೆಸರು ಸೇರಿಸಿಯೇ ಕರೆದರು. ಹಾಗಾಗಿ ಹೆಂಗಸರಿಗೂ ಇದು ಬರುತ್ತದೆ ಅನ್ನುವುದು ಎಷ್ಟೋ ದಿನ ಡಾಕ್ಟರುಗಳ ತಲೆಗೇ ಬರಲಿಲ್ಲ. ಗರ್ಭಕೊರಳಿನ ಕ್ಯಾನ್ಸರ್ ಏಡ್ಸ್‌ನ ಲಕ್ಷಣಗಳ ಪಟ್ಟಿಗೆ ಸೇರಿದ್ದು 1993ರಲ್ಲಿ. ಭಾರತದಲ್ಲೂ ಇಂಥದ್ದೇ ಒಂದು ನಂಬಿಕೆ ಇತ್ತು: ಇದು ಪಶ್ಚಿಮದ ದಾರಿತಪ್ಪಿದ ಜನರ ಕಾಯಿಲೆ, ನಮ್ಮಲ್ಲಿಗೆ ಬರುವುದಿಲ್ಲ. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತ ಪರೀಕ್ಷೆ ಮಾಡಲು ಹೇಳಿದರು. ಸಂಪ್ರದಾಯಸ್ಥ ಮನೆಯಿಂದ ಬಂದ ನಿರ್ಮಲಾಗೆ ಮೊದಲು ಹಿಂಜರಿಕೆ ಇತ್ತು, ಗಂಡ ಧೈರ್ಯ ತುಂಬಿದರು. ಕೆಲವು ಮಾದರಿಗಳಲ್ಲಿ ಸೋಂಕು ಕಂಡಾಗ ದೇಶವೇ ಬೆಚ್ಚಿಬಿತ್ತು. ಆ ಒಬ್ಬ ಹೆಣ್ಣುಮಗಳು ತಾನು ಬೆಳೆದ ರೀತಿಯನ್ನು ದಾಟಿ ಹೋಗದಿದ್ದರೆ ಅದು ಗೊತ್ತಾಗುವುದು ಇನ್ನೂ ತಡವಾಗುತ್ತಿತ್ತು. ಮುಂದೆ ಸಾಲೊಮನ್ ಅವರ ತಂಡ ಚೆನ್ನೈಯಲ್ಲಿ ಸೋಂಕಿತ ಮಹಿಳೆಯರನ್ನು ಮಾತಾಡಿಸಿದಾಗ ಅವರಲ್ಲಿ ಬಹುಪಾಲು ಜನ ಗಂಡನನ್ನು ಬಿಟ್ಟು ಬೇರೆ ಯಾರ ಜೊತೆಗೂ ಇದ್ದವರಾಗಿರಲಿಲ್ಲ. ‘ಒಳ್ಳೆಯ ಹೆಂಗಸರಿಗೆ ಇದು ಬರುವುದಿಲ್ಲ’ ಎಂಬ ಮಾತು ಅಲ್ಲಿಗೆ ಸುಳ್ಳಾಯಿತು.

ಹೆದರಿಸಿ ದಾರಿಗೆ ತರುತ್ತೇವೆ ಅಂತ ಹೊರಟವರೂ ಇದ್ದಾರೆ. 1987ರಲ್ಲಿ ಆಸ್ಟ್ರೇಲಿಯಾದಲ್ಲಿ ಕಪ್ಪು ನಿಲುವಂಗಿಯ ಮೃತ್ಯು ಚೆಂಡು ಉರುಳಿಸಿ ಗಂಡಸರು, ಹೆಂಗಸರು, ಮಕ್ಕಳನ್ನು ಕೆಡವುವ ಜಾಹೀರಾತು ಟಿವಿಯಲ್ಲಿ ಬಂತು. ದೇಶವೆಲ್ಲ ನಡುಗಿತು. ಆದರೆ ಅನೇಕರ ಕಣ್ಣಿಗೆ ಆ ಮೃತ್ಯು ಸೋಂಕಿತರೇ, ಅದರಲ್ಲೂ ಸಲಿಂಗಿಗಳೇ ಆಗಿ ಕಂಡರು. ಹೆದರಿದ ಮನುಷ್ಯ ಇನ್ನೊಬ್ಬರಿಂದ ದೂರ ಓಡುತ್ತಾನೆ, ತನ್ನ ಟೆಸ್ಟ್‌ನಿಂದಲೂ ದೂರ ಓಡುತ್ತಾನೆ.

ಬೇರೆ ದಾರಿ ಹಿಡಿದವರು ಥಾಯ್ಲೆಂಡ್‌ನವರು. 1991ರಿಂದ ಅಲ್ಲಿ ಸರಕಾರವೇ ಕಾಂಡೋಮ್ ಬಗ್ಗೆ ರೇಡಿಯೊ, ಟಿವಿಯಲ್ಲಿ ದಿನವಿಡೀ ಮಾತಾಡಿತು. ವೇಶ್ಯಾಗೃಹಗಳಲ್ಲಿ ಅದನ್ನು ಕಡ್ಡಾಯ ಮಾಡಿತು. ಆ ಕೆಲಸದ ಮುಂದಾಳು ಮೆಚೈ ವೀರವೈದ್ಯ ಅವರ ಹೆಸರೇ ಜನರ ಬಾಯಲ್ಲಿ ಕಾಂಡೋಮ್‌ಗೆ ಅಂಟಿಕೊಂಡಿತು. ಅವರು ಮುಜುಗರ ಪಡಲಿಲ್ಲ, ಹಾಗಾಗಿ ಜನರ ಮುಜುಗರವೂ ಬಿಟ್ಟಿತು. ವರ್ಷಕ್ಕೆ ಸುಮಾರು 1,43,000 ಇದ್ದ ಹೊಸ ಸೋಂಕು 2003ರ ಹೊತ್ತಿಗೆ ಸುಮಾರು 19,000ಕ್ಕೆ ಇಳಿಯಿತು. ಪೋರ್ಚುಗಲ್ 2001ರಲ್ಲಿ ಡ್ರಗ್ಸ್ ಚಟಕ್ಕೆ ಬಿದ್ದವರನ್ನು ಜೈಲಿಗೆ ಹಾಕುವುದು ಬಿಟ್ಟು ಚಿಕಿತ್ಸೆಗೆ ಕಳಿಸತೊಡಗಿತು. ಹೊಸ ಸಿರಿಂಜ್ ಕೊಡುವ ಕೆಲಸ ಅಲ್ಲಿ ಮೊದಲೇ ಶುರುವಾಗಿತ್ತು. ಸೂಜಿಯಿಂದ ಎಚ್‌ಐವಿ ಬರುವ ಪ್ರಕರಣ ವರ್ಷಕ್ಕೆ ಸಾವಿರದಷ್ಟಿದ್ದದ್ದು ಹತ್ತು ಹನ್ನೆರಡು ವರ್ಷದಲ್ಲಿ ನೂರಕ್ಕಿಂತ ಕೆಳಗೆ ಬಂತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಫ್ರಿಕಾದ ಬೋಟ್ಸ್‌ವಾನಾ ದೇಶದ ಲೆಕ್ಕ. ಅಲ್ಲಿ 1996ರಲ್ಲಿ ಶಾಲಾ ವ್ಯವಸ್ಥೆ ಬದಲಾಗಿ ಮಕ್ಕಳು ಇನ್ನಷ್ಟು ಕಾಲ ಶಾಲೆಯಲ್ಲಿ ಉಳಿಯುವಂತಾಯಿತು. ಏಡ್ಸ್ ತಡೆಯುವ ಉದ್ದೇಶ ಅದಕ್ಕೆ ಇರಲೇ ಇಲ್ಲ. ಆದರೆ ವರ್ಷಗಳ ನಂತರ ಸಂಶೋಧಕರು ನೋಡಿದಾಗ, ಆ ಹಂತದಲ್ಲಿ ಒಂದು ವರ್ಷ ಹೆಚ್ಚು ಓದಿದವರಲ್ಲಿ ಪ್ರತಿ ನೂರು ಜನರಿಗೆ ಎಚ್‌ಐವಿ ಇರುವವರು ಸುಮಾರು 8 ಮಂದಿಯಷ್ಟು ಕಡಿಮೆ ಇದ್ದರು. ಹುಡುಗಿಯರಲ್ಲಿ ಪರಿಣಾಮ ಇನ್ನೂ ಜಾಸ್ತಿ. ಓದಿದ ಹುಡುಗಿಗೆ ಬೇಡ ಅನ್ನುವ ಧೈರ್ಯ ಬರುತ್ತದೆ, ದುಡ್ಡಿಗಾಗಿ ತನಗಿಂತ ತುಂಬಾ ದೊಡ್ಡ ಗಂಡಸಿನ ಮೇಲೆ ಅವಲಂಬಿಸಬೇಕಾಗಿಲ್ಲ. ಕಾರಣ ಇದೇ ಇರಬೇಕು ಅಂತ ನನಗನ್ನಿಸುತ್ತದೆ. ಇನ್ನು, ಲೈಂಗಿಕ ಶಿಕ್ಷಣ ಕೊಟ್ಟರೆ ಮಕ್ಕಳು ಹಾಳಾಗುತ್ತಾರೆ ಅನ್ನುವ ಭಯಕ್ಕೆ ಯುನೆಸ್ಕೊ ಹಲವು ದೇಶಗಳ ಅಧ್ಯಯನ ಒಟ್ಟುಗೂಡಿಸಿ ಉತ್ತರ ಕೊಟ್ಟಿದೆ. ಅಂಥ ಪಾಠದಿಂದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುವುದಿಲ್ಲ.

ಈಗ ಔಷಧದ ಮಾತು. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ರಕ್ತದಲ್ಲಿ ವೈರಸ್ ಟೆಸ್ಟ್‌ಗೂ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗೇ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ದಾಟುವುದಿಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ ಜೋಡಿಗಳನ್ನು ಯುರೋಪಿನಲ್ಲಿ ವರ್ಷಗಟ್ಟಲೆ ಗಮನಿಸಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ, ಕಾಂಡೋಮ್ ಇಲ್ಲದ ಸುಮಾರು 76,000 ಸಂಪರ್ಕಗಳಲ್ಲಿ ಜೊತೆಗಾರನಿಂದ ತಗುಲಿದ್ದು ಒಂದೂ ಇರಲಿಲ್ಲ. ಇಷ್ಟು ಒಳ್ಳೆಯ ಔಷಧ ಕೈಯಲ್ಲಿದ್ದೂ ಜನ ಡಬ್ಬಿಯ ಚೀಟಿ ಕಿತ್ತುಹಾಕುತ್ತಾರೆ. ನೆಂಟರು ಬಂದ ದಿನ ಮಾತ್ರೆ ನುಂಗದೆ ಬಿಡುತ್ತಾರೆ. ಗುರುತಿನವರು ಸಿಕ್ಕಾರು ಅಂತ ಹತ್ತಿರದ ಕೇಂದ್ರ ಬಿಟ್ಟು ದೂರದ್ದಕ್ಕೆ ಹೋಗುತ್ತಾರೆ, ಹೋಗಲಾಗದ ತಿಂಗಳು ಔಷಧವೇ ಇರುವುದಿಲ್ಲ. ಆಗ ವೈರಸ್ ಮತ್ತೆ ಏರುತ್ತದೆ, ಔಷಧಕ್ಕೆ ಬಗ್ಗದ ತಳಿಯೂ ಹುಟ್ಟಬಹುದು.

ಸೋಂಕಿನೊಂದಿಗೇ ಹುಟ್ಟಿದ ಮಕ್ಕಳಿಗೂ ಎಷ್ಟೋ ಮನೆಗಳಲ್ಲಿ ಇದು ವಿಟಮಿನ್ ಅಂತ ಹೇಳಿ ಮಾತ್ರೆ ಕೊಡುತ್ತಾರೆ. ಮಗುವನ್ನು ಕಾಪಾಡಬೇಕು ಅನ್ನುವ ಪ್ರೀತಿಯೇ ಅದು, ಅನುಮಾನವಿಲ್ಲ. ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲೇ, ಅವರಿಗೆ ಅರ್ಥವಾಗುವಷ್ಟು ಸ್ವಲ್ಪ ಸ್ವಲ್ಪವಾಗಿ ನಿಜ ಹೇಳಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಸಲಹೆ ಕೊಟ್ಟಿದೆ. ಹೇಳದೆ ಬಿಟ್ಟರೆ ಹದಿನಾಲ್ಕು ಹದಿನೈದರಲ್ಲಿ ಮಾತ್ರೆಯ ಹೆಸರನ್ನು ಮೊಬೈಲ್‌ನಲ್ಲಿ ಹುಡುಕಿ ಅವರೇ ತಿಳಿದುಕೊಳ್ಳುತ್ತಾರೆ. ಆಗ ಅಪ್ಪ ಅಮ್ಮನ ಮೇಲಿನ ನಂಬಿಕೆಯ ಜೊತೆ ಮಾತ್ರೆಯನ್ನೂ ಬಿಟ್ಟುಬಿಡುವ ಅಪಾಯವಿದೆ. ನಿಜ ತಿಳಿದು ಮಾತ್ರೆ ನುಂಗುತ್ತಾ ಬೆಳೆದ ಎಷ್ಟೋ ಮಕ್ಕಳಿಗೆ ಈಗ ಮದುವೆಯ ವಯಸ್ಸು, ಕೆಲವರಿಗೆ ಮಕ್ಕಳೂ ಆಗಿವೆ. ಔಷಧವಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಬಸಿರಿಗೆ ಮೊದಲಿನಿಂದಲೂ ಔಷಧ ತಪ್ಪಿಸದೆ ವೈರಸ್ಸನ್ನು ಅಡಗಿಸಿಟ್ಟುಕೊಂಡ ತಾಯಂದಿರಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ.